ಕಪಾಟಿನ ಹಿಂದೆ ಸಿಕ್ಕ ಚೀಟಿ ಮತ್ತು ಮೇಡಂ ಕಿತ್ತ ವೈರಿನ ಬಗ್ಗೆ

ಆಫೀಸಿನಲ್ಲಿ ಎಲ್ಲರೂ ಅಕ್ಕಯ್ಯ ಎನ್ನುವ ನಾನು, ವಯಸ್ಸು 50, ಕಂಪ್ಯೂಟರ್ ಆಫೀಸಿನಲ್ಲಿ ಕಸ ಗುಡಿಸಿ ಒರೆಸುವ ಕೆಲಸ, ವಾಸ ಅದೇ ಆಫೀಸಿನ ಹಿಂದಿನ ಓಣಿಯ ಮೂರನೇ ಮನೆ, ದೇವರನ್ನು ನೆನೆದು ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಆಫೀಸಿನಿಂದ ಆಸ್ಪತ್ರೆಯ ಯಂತ್ರಗಳಿಗೆ ಅವನ್ನು ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರ್ ಸಿದ್ಧ ಮಾಡಿ ಕಳಿಸುತ್ತಾರೆ. ಕಳೆದ ತಿಂಗಳು ಕಂಪೈಲರ್ ಬದಲಾಯಿತು. ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡುವುದು ಅದೇ. ಪ್ರತಿ ಸಲ ಹಾಗಲ್ಲವಂತೆ, ಈ ಸಲ ಮಾತ್ರ ಎಲ್ಲ ಪ್ರೋಗ್ರಾಂಗಳನ್ನೂ ಮತ್ತೆ ಕಟ್ಟಬೇಕಾಯಿತು. ಯಾಕೆಂದು ಮೇಲ್ವಿಚಾರಣೆಯ ಮೇಡಂ ಅವರನ್ನು ಕೇಳಿದೆನು. ಸೊಸೆ ಬಂದು ಡಬ್ಬಿಗಳ ಜಾಗ ಬದಲಾಯಿಸಿದರೆ ಅಕ್ಕಯ್ಯ ನೋಡದೆ ಕೈ ಹಾಕಿ ಉಪ್ಪಿನ ಬದಲು ಸೋಡಾ ಸುರಿಯುವುದಿಲ್ಲವೇ, ಹಳೆಯ ಪ್ರೋಗ್ರಾಂ ಹೊಸದರ ಜೊತೆ ಸೇರಿದರೂ ಅಷ್ಟೇ, ಬಾಯಿಗಿಟ್ಟ ಮೇಲೇ ಗೊತ್ತಾಗುವುದು ಎಂದರು. ನನ್ನಂಥವಳಿಗೂ ಕೂರಿಸಿಕೊಂಡು ಹೇಳುವವರು ಅವರೊಬ್ಬರೇ.

ಪ್ರೋಗ್ರಾಂಗೊಂದು ಚೀಟಿ ಬರೆದು, ಕಟ್ಟಿ ಮುಗಿದದ್ದರ ಚೀಟಿಯನ್ನು ಬೋರ್ಡಿನ ಎಡದಿಂದ ಬಲಕ್ಕೆ ಅಂಟಿಸುವುದು ಅವರ ಪದ್ಧತಿ. ಎಡಗಡೆ ಖಾಲಿಯಾಗದೆ ಏನನ್ನೂ ಕಳಿಸುತ್ತಿರಲಿಲ್ಲ. ಇದಕ್ಕೇ ಜೊತೆಯವರು ಬಸವನಹುಳು ಎಂದು ಹೆಸರಿಟ್ಟಿದ್ದರು. ಹುಳುವಿಗೂ ಬೆನ್ನ ಮೇಲೆ ಮನೆ ಇರುತ್ತದಪ್ಪಾ ಎಂದು ಮೇಡಂ ನಗುತ್ತಿದ್ದರು. ಆರು ಹಳೆಯ ಪ್ರೋಗ್ರಾಂಗಳು ಕಂಪ್ಯೂಟರಿನ ಪಟ್ಟಿಯಲ್ಲಿಲ್ಲ. ಅವಕ್ಕೆ ಚೀಟಿಯೇ ಗತಿ.

ಸೋಮವಾರ ಬೆಳಿಗ್ಗೆ 8.15ಕ್ಕೆ ನಾನು ಬೋರ್ಡಿನ ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆನು. ಎಡಗಡೆಯ ಒಂದು ಚೀಟಿ ಆಗಲೇ ಬಿದ್ದಿರಬೇಕು. ನಾನು ನೋಡಲಿಲ್ಲ.

ಇಂದು ಗುರುವಾರ 10.00ಕ್ಕೆ ಆಸ್ಪತ್ರೆಗಳಿಗೆ ಕಳಿಸಲು ಶುರು ಮಾಡಿದರು. 10.40ಕ್ಕೆ ಗುಡಿಸಲೆಂದು ಬೋರ್ಡಿನ ಕೆಳಗಿನ ಕಪಾಟು ಸರಿಸಿದಾಗ ಗೋಡೆಯಿಂದ ಒಂದು ಗೇಣು ದೂರದಲ್ಲಿ ಚೀಟಿ ಸಿಕ್ಕಿತು. ಮೇಡಂಗೆ ಕೊಟ್ಟೆನು. ಓದಿ, ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, ಆಫೀಸಿನ ಯಜಮಾನರಿಗೆ, ಇದನ್ನು ಇನ್ನೂ ಕಟ್ಟಿಲ್ಲ, ಕಳಿಸುವುದನ್ನು ನಿಲ್ಲಿಸಿ ಎಂದರು. ಒಂದು ಚೂರು ಕಾಗದಕ್ಕೆ ಹೆದರುವುದೇ, ಇವತ್ತೇ ಕಳಿಸುತ್ತೇನೆಂದು ಮಾತು ಕೊಟ್ಟಿದ್ದೇನೆ, ನಾಳೆ ಸರಿಮಾಡಿದರಾಯಿತು ಎಂದು ಯಜಮಾನರು ರೇಗಿದರು. ರೋಗಿಯ ಮೈಗೆ ಇಳಿಯುವ ಔಷಧಿಯ ಹನಿ ಎಣಿಸುವ ಪ್ರೋಗ್ರಾಂ ಸಾರ್ ಇದು, ನಾಳೆ ತನಕ ಯಾರು ಕಾಯುತ್ತಾರೆ ಎಂದು ಮೇಡಂ ಹನ್ನೆರಡು ಹೆಜ್ಜೆ ನಡೆದು, ಕಳಿಸುತ್ತಿದ್ದ ಕಂಪ್ಯೂಟರಿನ ವೈರು ಕಿತ್ತರು. ಆಗ 10.46.

ಮೇಡಂ ಸಿಟ್ಟಿನಲ್ಲಿ ಯಂತ್ರ ಒಡೆದು ಹಾಕಿದರು ಎಂದು ಯಜಮಾನರು ಠಾಣೆಗೆ ಕೊಟ್ಟ ದೂರು ಸುಳ್ಳು. ಕಿತ್ತ ವೈರನ್ನು ಸುತ್ತಿ ಮೇಜಿನ ಮೇಲಿಟ್ಟದ್ದನ್ನು ಎರಡು ಮಾರು ದೂರದಿಂದ ಕಂಡಿದ್ದೇನೆ. ಅಷ್ಟರಲ್ಲಿ ಎರಡು ಆಸ್ಪತ್ರೆಗೆ ಹೋಗಿತ್ತು. ಎರಡಕ್ಕೂ ಮೇಡಂ ತಾವೇ ಫೋನ್ ಮಾಡಿ, ಹೊಸದನ್ನು ಹಾಕಬೇಡಿ, ಚೀಟಿ ಎಣಿಸದೆ ಇದ್ದದ್ದು ನನ್ನ ತಪ್ಪು ಎಂದರು. ಅಲ್ಲಿ ಇನ್ನೂ ಹಾಕಿರಲಿಲ್ಲ, ದೇವರು ದೊಡ್ಡವನು.

ಮೇಡಂ ಈಗ ಠಾಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಒಳಗೆ ಬರುವಾಗ ನನ್ನ ಕೈ ಹಿಡಿದು, ಒದ್ದೆ ಬಟ್ಟೆಯ ಮಾತು ಎತ್ತಬೇಡಿ ಅಕ್ಕಯ್ಯ, ನಿಮ್ಮ ಕೆಲಸ ಹೋಗುತ್ತದೆ ಎಂದರು. ಬೇರೆ ಯಾವ ಮಾತಾದರೂ ಕೇಳುತ್ತಿದ್ದೆ. ಈ ಹೇಳಿಕೆ ಬರೆದುಕೊಳ್ಳುವ ಪೊಲೀಸರು ಅದನ್ನು ಬಿಡಲೇ ಎಂದರು, ಬಿಡಬೇಡಿ, ಬರೆಯಿರಿ ಎಂದೆನು.

ಓದಿಸಿ ಕೇಳಿದ್ದೇನೆ. ನಾನು ಕಂಡದ್ದೂ ಮಾಡಿದ್ದೂ ಇಷ್ಟೇ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನ: ಗುರುವಾರ, ಸಂಜೆ 4.20
ಸಹಿ: (ಸ್ವಂತ ಕೈಯಿಂದ)