ಹೆಸರಿಗಾಗಿ ತಡವಾದ ಊಟ

ತೊಟ್ಟಿಲಲ್ಲಿ ಮಲಗಿರುವ ಮಾನ್ಯ ಅಧ್ಯಕ್ಷರೇ, ಹರಿಹರ, ಗುತ್ತೂರುಗಳಿಂದ ಬಂದಿರುವ ಬೀಗರೇ, ಅಡುಗೆಮನೆಯತ್ತಲೇ ಮುಖ ಮಾಡಿ ಕೂತಿರುವ ಸಭಿಕರೇ,

ದಾವಣಗೆರೆ ಜಿಲ್ಲೆಯಾಯಿತೆಂಬ ಘೋಷಣೆಯ ನಂತರ ನಮ್ಮ ನಿಟ್ಟುವಳ್ಳಿಯಲ್ಲಿ ಹೊರಡುತ್ತಿರುವ ಅತಿ ಮಹತ್ವದ ಘೋಷಣೆ ಇದು: ಊಟ ತಡ. ಕಾರಣ, ನನ್ನ ಮೊಮ್ಮಗಳಿಗೆ ಇನ್ನೂ ಹೆಸರಾಗಿಲ್ಲ. ಕೂಸಿನ ಕಿವಿಯಲ್ಲಿ ಮೊದಲು ಹೆಸರು ಉಸುರಬೇಕಾದ ಸೋದರತ್ತೆ, ಅಂದರೆ ನನ್ನ ಮಗಳು ಭೀಮವ್ವ, ಅಗೋ, ಹಿಂದಿನ ಕಂಬಕ್ಕೊರಗಿ ಮುನಿಸಿಕೊಂಡು ಕೂತಿದ್ದಾಳೆ.

ಹೆಸರು ಲೇಲಾನಿ. ಸೊಸೆ ಪೂಜಾ ಬಾಣಂತನದಲ್ಲಿ ಕೇಬಲ್ ಟಿವಿಯೊಳಗೆ ಹವಾಯಿ ದ್ವೀಪ ನೋಡಿ ಆರಿಸಿದ್ದು. ಬೆಳಿಗ್ಗೆ ಹೂ ಕಟ್ಟುತ್ತಿದ್ದ ಭೀಮವ್ವನ ಕಿವಿಗೆ ಬಿತ್ತು.

"ಹವಾಯಿ ಚಪ್ಲಿ ಊರಿನ ಹೆಸ್ರು ಕೂಸಿಗೆ ಯಾಕ? ನಮ್ಮವ್ವನ ಹೆಸ್ರು ಕೊಟ್ರವ್ವ ಅಂತ ಐತಲ್ಲ."

"ಅರ್ಥ ಆದ್ರೂ ಕೇಳ್ರಿ ಅಕ್ಕಾ," ಎಂದಳು ಪೂಜಾ.

"ನನ್ನ ಯಾರು ಕೇಳಿದ್ರವ್ವ, ನಾ ಕೇಳಾಕ?"

ಸಭಿಕರೇ, ಅರ್ಥ ನಾನು ಹೇಳುತ್ತೇನೆ. ಆ ದ್ವೀಪದ ಭಾಷೆಯಲ್ಲಿ ಲೇ ಎಂದರೆ ಹೂವಿನ ಹಾರ. ಲಾನಿ ಎಂದರೆ ಆಕಾಶ, ಸ್ವರ್ಗ. ಬಂದವರ ಕೊರಳಿಗೆ ಅಲ್ಲಿಯೂ ಹಾರ ಹಾಕುತ್ತಾರಂತೆ. ಹೂ ಕಟ್ಟಿ ಬದುಕಿದ ಹೂಗಾರರ ಮನೆಗೆ ಇದು ಹೊರಗಿನ ಹೆಸರು ಹೇಗಾದೀತು? ನನ್ನ ಕೊಟ್ರವ್ವ ಸೇವಂತಿಗೆ ಕಟ್ಟುತ್ತಾ ಕೂತರೆ ನಾನು ಗಿರಾಕಿಗಳನ್ನೇ ಮರೆತು ನೋಡುತ್ತಿದ್ದೆ. ಈಗ ಆ ಬೆರಳುಗಳು ಭೀಮವ್ವನ ಕೈಗೆ ಬಂದಿವೆ. ತೊಟ್ಟಿಲಿಗೆ ಇಳಿಬಿಟ್ಟಿರುವ ಮಲ್ಲಿಗೆ ಸರ ನೋಡಿ. ಸಿಟ್ಟಿನಲ್ಲೇ ಕಟ್ಟಿದ್ದು, ಒಂದು ಗಂಟೂ ಸಡಿಲವಿಲ್ಲ. ಲೇಲಾನಿ ಎಂದರೆ ಇದೇ ಅಲ್ಲವೇ?

ನಾನಂತೂ ವಾರದಿಂದ ಕೂಸನ್ನು ಹಾಗೇ ಕರೆದು ಆಡಿಸು... ಅಲ್ಲ, ಆಡಿಸಬೇಕೆಂದಿದ್ದೆ. ಮೊದಲು ಕರೆಯುವ ಹಕ್ಕು ಸೋದರತ್ತೆಯದು. ಅದನ್ನು ಈ ಮನೆಯಲ್ಲಿ ಯಾರೂ ಕದ್ದಿಲ್ಲ. ಪೂಜಾ, ನೀನು ಕೆಮ್ಮಬೇಡ. ನೋಡಿ, ಭೀಮವ್ವ ನಕ್ಕಳು. ಸೆರಗಿನಲ್ಲಿ ಮುಚ್ಚಿಕೊಂಡರೂ ಅದು ನಗುವೇ. ಪೂಜಾಳೂ ತಲೆಯಾಡಿಸುತ್ತಿದ್ದಾಳೆ: ಅಕ್ಕ ಏನು ಉಸುರಿದರೂ ಅದೇ ಹೆಸರು.

ಎದ್ದಳು, ದಾರಿ ಬಿಡಿ. ಈಗ ನನ್ನ ಪಕ್ಕ ಹಾಯುವಾಗ ಏನಂದಳು ಗೊತ್ತೇ? "ಎರಡೂ ಹೇಳ್ತೀನಿ ಬಿಡಪ್ಪ. ಕೂಸಿಗೆ ಕಿವಿ ಎರಡು ಅದಾವಲ್ಲ."

ಇಷ್ಟು ಹೊತ್ತು ಹಸಿವು ತಡೆದ ತಮಗೆಲ್ಲ ವಂದನೆಗಳು. ಹೆಣ್ಣುಮಕ್ಕಳಲ್ಲಿ ಒಂದೇ ಕೋರಿಕೆ: ಹೆಸರು ಹೇಳುವಾಗ ಸೋದರತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಪದ್ಧತಿ, ಒಪ್ಪಿದೆ. ಆದರೆ ಅವಳು ನಸುಕಿನಿಂದ ಬಗ್ಗಿ ಹೂ ಕಟ್ಟಿದ್ದಾಳೆ. ದಯವಿಟ್ಟು ಮೆಲ್ಲಗೆ ಗುದ್ದಿರಿ. ನಮಸ್ಕಾರ.