ಹುಲ್ಲಿಗೆ ಗಂಟು ಹಾಕಿದವಳು

ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ. ಯಾವೂರಿನವನು ಎಂದು ಕೇಳಬೇಡಿ. ನಿಮ್ಮೂರಿನವನೇ ಅಂದುಕೊಳ್ಳಿ, ನಷ್ಟವಿಲ್ಲ.

ಅವನ ಹೆಂಡತಿ ಮೂರು ತಿಂಗಳು ಹಾಸಿಗೆ ಹಿಡಿದು ಎದ್ದಳು. ಅವಳು ಗುಣವಾದರೆ ಇಬ್ಬರೂ ನಡೆದೇ ಬೆಟ್ಟ ಹತ್ತುತ್ತೇವೆ ಎಂದು ಇವನು ಹರಕೆ ಹೊತ್ತಿದ್ದ. ಒಳ್ಳೆಯ ಮನುಷ್ಯ. ಉಪಕಾರ ಮರೆಯದವನು. ಹಾಗಂತ ಅವನೇ ತಿಳಿದಿದ್ದ.

ಆ ಬೆಟ್ಟ ನೋಡಿ, ಅರ್ಧದವರೆಗೆ ದಟ್ಟ ಕಾಡು. ಆಮೇಲೆ ಮರವಿಲ್ಲ, ಆಳೆತ್ತರದ ಹುಲ್ಲು. ಅದರೊಳಗೆ ದಾರಿ ಕಾಣುವುದಿಲ್ಲ. ಆದರೆ ತಿರುವು ಬಂದಲ್ಲೆಲ್ಲ ಯಾರೋ ಒಂದು ಹಿಡಿ ಹುಲ್ಲು ಸೇರಿಸಿ ಗಂಟು ಹಾಕಿದ್ದರು.

ಶ್ರೀಮಂತ ನೋಡಿದ. "ಭಕ್ತರು ಹರಕೆ ಕಟ್ಟಿದ್ದಾರೆ ಕಣೇ" ಎಂದ. ತಾನೂ ಶುರುಮಾಡಿದ. ಅಳಿಯನ ಬಡ್ತಿಗೊಂದು ಗಂಟು, ಸೈಟಿನ ಕೇಸಿಗೊಂದು, ಮಂಡಿನೋವಿಗೊಂದು.

"ಒಂದು ಹರಕೆ ತೀರಿಸೋಕೆ ಬಂದು ಇನ್ನೆಷ್ಟು ಹೊರ್ತೀರ್ರೀ?" ಎಂದಳು ಹೆಂಡತಿ.

"ಸುಮ್ನಿರು, ಇದು ನಿನಗೇ" ಎಂದು ಪಕ್ಕಕ್ಕೆ ಸರಿದು, ಒಳ್ಳೆ ಹುಲ್ಲು ಹುಡುಕಿ, ಅವಳ ಆಯುಸ್ಸಿಗೂ ಒಂದು ಕಟ್ಟಿದ.

ತುದಿಯಲ್ಲಿ ದೇವರಿಗೆ ಕೈಮುಗಿದರು. ಇಳಿಯುವಾಗ ಮಂಜು ಕವಿಯಿತು. ಎಂಥ ಮಂಜು? ಚಾಚಿದ ಕೈ ಕಾಣದಂಥದ್ದು. ಗಂಟು ತಡವಿ ತಡವಿ ಇಳಿದರು. ಇದು ಯಾರ ಗಂಟು? ಗೊತ್ತಿಲ್ಲ. ಒಂದು ಗಂಟಿನ ಮುಂದೆ ಹೆಂಡತಿ ಕಾಲಿಟ್ಟಳು. ಕಾಲಡಿಯ ಕಲ್ಲು ಜಾರಿತು. ಅದು ಕೆಳಗೆ ಬಿದ್ದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು. ಇಬ್ಬರೂ ಅಲ್ಲೇ ಕುಸಿದು ಕೂತರು.

ಅವನು ದೇವರ ನಾಮ ಕೂಗತೊಡಗಿದ.

"ದೇವರನ್ನ ಆಮೇಲೆ ಕರೀರಿ. ಮೊದಲು ಯಾರಾದ್ರೂ ಮನುಷ್ಯರನ್ನ ಕೂಗಿ" ಎಂದಳು ಹೆಂಡತಿ.

ಕೂಗಿದ. ಕೆಳಗಿನಿಂದ "ಕೂ" ಎಂದು ಉತ್ತರ ಬಂತು. "ಅಲ್ಲೇ ಕೂತಿರಿ! ಅಲ್ಲಾಡಬ್ಯಾಡಿ!" ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಬಂದು ಹೆಂಡತಿಯ ಮಣಿಕಟ್ಟು ಹಿಡಿದು ಎಳೆದುಕೊಂಡಳು. ಆಮೇಲೆ ಗಂಟು ಮುಟ್ಟಿ ನೋಡಿದಳು.

"ಇದನ್ನ ಯಾರು ಹಾಕಿದ್ದು?"

"ಹರಕೆ, ತಾಯಿ..."

"ಹರಕೆನಾ? ಇಲ್ಲಿ ಗಂಟು ಅಂದ್ರೆ ದಾರಿ ಗುರುತು ಕಣ್ರೀ ಸ್ವಾಮಿ! ಮಳೆ ನಿಂತ್ಮೇಲೆ ಪ್ರತಿ ವರ್ಷ ಹಾಕ್ತೀವಿ. ಮೊದ್ಲು ನಮ್ಮತ್ತೆ ಹಾಕ್ತಿದ್ರು, ಈಗ ನಾನು. ಬೆಳಿಗ್ಗೆ ನೀವು ಹತ್ತಿದ್ದು ಕಂಡೆ, ಇಳಿದಿದ್ದು ಕಾಣ್ಲಿಲ್ಲ. ಅದಕ್ಕೇ ಬಂದೆ."

"ದೇವರೇ ನಿಮ್ಮನ್ನ ಕಳಿಸಿದ."

"ಆಗ್ಲಿ. ಈಗ ನೀವು ಕಟ್ಟಿದ್ದೆಲ್ಲ ಬಿಚ್ತಾ ಇಳೀರಿ. ಇಲ್ದಿದ್ರೆ ನಾಳೆ ಬರೋರು ಬೀಳ್ತಾರೆ."

ಹರಕೆಯ ಗಂಟು ಬಿಚ್ಚುವುದು ಸುಲಭವೇ? ಕಾಲ ಬುಡದಲ್ಲೇ ಇದ್ದದ್ದು ಹೆಂಡತಿಯ ಆಯುಸ್ಸಿಗೆ ಕಟ್ಟಿದ್ದು. ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಹೆಂಡತಿಯೇ ಬಗ್ಗಿ ಬಿಚ್ಚಿದಳು. "ನನ್ನ ಆಯುಸ್ಸು ಇವತ್ತು ಈಯಮ್ಮನ ಕೈಲಿತ್ತು, ನಡೀರಿ" ಎಂದಳು. ಅಳಿಯನದು, ಸೈಟಿನದು, ಮಂಡಿಯದು ಅವನೇ ಬಿಚ್ಚಿದ. ಹುಲ್ಲಿನ ಅಲಗಿಗೆ ಬೆರಳು ಸೀಳಿ ಉರಿಯಿತು.

ಕಾಡಿನ ಅಂಚು ತಲುಪಿದ ಮೇಲೆ ಅವನು ಕೇಳಿದ: "ನಿಮ್ಮ ಹೆಸರೇನು ತಾಯಿ?"

ಅವಳಿಗೆ ನಗು ಬಂತು. "ದುಗ್ಗಮ್ಮ. ಇಷ್ಟು ವರ್ಷದಲ್ಲಿ ನೀವೇ ಕೇಳಿದ್ದು."

ಅಲ್ಲಿಯೇ, ಆ ಕಾಡಿನ ಅಂಚಿನಲ್ಲೇ, ಗಂಡಹೆಂಡಿರು ಆ ದಿನ ಎರಡನೆಯ ಸಲ ಕೈಮುಗಿದರು.

ಶ್ರೀಮಂತನನ್ನು ನೋಡಿ ನಗುತ್ತಿದ್ದೀರಿ. ನಗಿ. ಆದರೆ ಹೇಳಿ, ಇವತ್ತು ಬೆಳಿಗ್ಗೆ ನಿಮ್ಮ ನಲ್ಲಿಗೆ ನೀರು ಬಿಟ್ಟ ನೀರುಗಂಟಿಯ ಹೆಸರೇನು? ಬೀದಿ ಗುಡಿಸಿದವಳ ಹೆಸರು? ಮಕ್ಕಳನ್ನು ಶಾಲೆಗೆ ಒಯ್ದ ಬಸ್ಸಿನ ಡ್ರೈವರು? ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ನಾನೀಗ ಮಾತಾಡುತ್ತಿರುವ ಈ ಮೈಕು ಕಟ್ಟಿದವರ ಹೆಸರನ್ನು ಇಂದು ಸಂಜೆಯಷ್ಟೇ ಕೇಳಿದೆ. ಹೊನ್ನೂರಪ್ಪ.

ದೇವರಿಗೆ ಕೃತಜ್ಞರಾಗಿರುವುದು ಸುಲಭ, ನೋಡಿ. ಅವನು ಎದುರಿಗೆ ಬರುವುದಿಲ್ಲ. ಇವರು ದಿನಾ ಎದುರಿಗೆ ಬರುತ್ತಾರೆ. ನಾಳೆ ನೀರು ಬಿಡುವ ಹೊತ್ತಿಗೆ ಐದು ನಿಮಿಷ ಮೊದಲೇ ಹೊರಗೆ ಬನ್ನಿ. ಹೆಸರು ಕೇಳಿ. ನಾಡಿದ್ದು ಆ ಹೆಸರು ಹಿಡಿದು ಕರೆಯಿರಿ. ನಿಮ್ಮಿಂದ ಅವರ ಕೆಲಸ ಕೆಡುತ್ತಿದೆಯೇ ಎಂದೂ ಕೇಳಿ. ಕೆಡುತ್ತಿದ್ದರೆ ಬಗ್ಗಿ ನಿಮ್ಮ ಕೈಯಾರೆ ಸರಿಮಾಡಿ. ಬೆರಳು ಉರಿದರೆ ಉರಿಯಲಿ.