ಹೊಳೆಗೆ ಚಾಚಿದ ಸೆಲ್ಫಿ ಕೋಲು

ಸ್ವಲ್ಪ ಹತ್ತಿರ ಬನ್ನಿ. ಇದು ಜೋರಾಗಿ ಹೇಳುವ ಮಾತಲ್ಲ. ಆ ಮನೆ ಇಲ್ಲಿಂದ ನಾಲ್ಕೇ ಬಾಗಿಲು ಆಚೆ.

ಅವತ್ತು ಮುಚ್ಚಂಜೆಯಲ್ಲಿ ಚಿಂಗ್-ರು ಹೊಳೆಯ ದಾರಿಯಿಂದ ಒಬ್ಬಳೇ ಮನೆಗೆ ಬಂದಳು. ಹೋಗುವಾಗ ಇಬ್ಬರಿದ್ದರು. ರೈಲು ಹಳಿಯ ಪಕ್ಕದ ಆಲದ ಮರ ದಾಟುವಾಗ, ಹೆಗಲ ಮೇಲಿದ್ದ ಸೆಲ್ಫಿ ಕೋಲಿನಿಂದ ಇನ್ನೂ ನೀರು ಬೀಳುತ್ತಿತ್ತು. ತೊಟ್... ತೊಟ್... ಅಷ್ಟು ದೂರ ನಡೆದರೂ ಒಣಗಿರಲಿಲ್ಲ. ಕೋಲು ಭಾರವಾಗಿತ್ತು, ಹಿಂದಿನಿಂದ ಯಾರೋ ತುದಿ ಹಿಡಿದುಕೊಂಡ ಹಾಗೆ. ಅವಳು ತಿರುಗಿ ನೋಡಲಿಲ್ಲ.

ಹೊಳೆಯಲ್ಲಿ ಆದದ್ದು ಇಷ್ಟು. ಚಿಂಗ್-ರು, ಮಾನ್-ನಿ ಅಕ್ಕಪಕ್ಕದ ಮನೆಯವರು, ಅಂಗನವಾಡಿಯಿಂದಲೂ ಜೋಡಿ. ಜಲಪಾತದ ಬಂಡೆಯ ಮೇಲೆ ಇಬ್ಬರೂ ಫೋಟೋಗೆ ನಿಂತಿದ್ದರು. ಕೋಲು ಚಿಂಗ್-ರು ಕೈಯಲ್ಲಿ. ತುದಿಯಲ್ಲಿ ಅವಳ ಹೊಸ ಫೋನು, ಕೊಂಡು ನಾಲ್ಕು ದಿನವಾಗಿತ್ತು.

"ಹಿಂದೆ ಸರಿಯೇ. ಪರದೆ ತುಂಬಾ ನಿನ್ನ ಮೂತಿನೇ ಇದೆ."

"ಸಾಕಾ?"

"ಇನ್ನೊಂದು ಹೆಜ್ಜೆ."

ಪಾಚಿ ಹಿಡಿದ ಅಂಚು ಪರದೆಯಲ್ಲಿ ಚಿಂಗ್-ರುಗೆ ಕಾಣುತ್ತಿತ್ತು. ಸ್ವಲ್ಪ ಹೆದರಿಸೋಣ ಅಂದುಕೊಂಡಳಂತೆ, ಪುಣ್ಯಾತ್ಗಿತ್ತಿ. ಸರ್ರ್... ಆಮೇಲೆ ದಬಕ್.

ಕೋಲನ್ನು ನೀರಿನ ಕಡೆ ಚಾಚಿದಳು. "ಮಾನ್-ನಿ, ಬಾ... ಮಾನ್-ನಿ, ಇದನ್ನ ಹಿಡ್ಕೋ... ಮಾನ್-ನಿ, ಬಾರೇ..." ಮೂರು ಸಲ ಹೆಸರು ಹಿಡಿದು ಕರೆದಳು. ಮಾನ್-ನಿಯ ಬೆರಳು ತುದಿಗೆ ತಾಗಿತು. ಆಗ ಚಿಂಗ್-ರುಗೆ ಫೋನು ನೆನಪಾಯಿತು. ಕೋಲು ಹಿಂದಕ್ಕೆ ಎಳೆದುಕೊಂಡಳು. ಫೋನು ಬಿಚ್ಚಿ ಜೇಬಿಗೆ ಹಾಕಿದಳು. ಮತ್ತೆ ಚಾಚಿದಳು... ಅಲ್ಲಿ ಬರೀ ನೀರಿತ್ತು.

"ನಾನು ಇಡೀ ದಿನ ಮನೇಲೇ ಇದ್ದೆ" ಅಂತ ಎಲ್ಲರ ಹತ್ತಿರ ಹೇಳಿದಳು. ಹೆಣ ಮೂರನೇ ದಿನ ಕೆಳಗಿನ ಸೇತುವೆಯ ಹತ್ತಿರ ಸಿಕ್ಕಿತು.

ನೀರಿನಲ್ಲಿ ಹೋದವರ ಹೆಣ ಸಿಕ್ಕರೆ ಸಾಲದು. ಜೀವ ಅಲ್ಲೇ ನಿಂತಿರುತ್ತದೆ, ಅದನ್ನು ಮನೆಗೆ ಕರೆತರಬೇಕು. ಮಾನ್-ನಿಯ ತಾಯಿ ಲಾನ್ ಪುರೋಹಿತರನ್ನು ಕರೆದುಕೊಂಡು ಬಂಡೆಯ ಹತ್ತಿರ ಹೋದಳು. ಜೀವ ಹಿಡಿದುಕೊಂಡು ಬರಲಿ ಅಂತ ಎಲೆ ಬಿಡಿಸದ ಹಸಿರು ಬಿದಿರಿನ ಕೋಲು, ಅದಕ್ಕೆ ಮಗಳ ಹೆಸರು ಬರೆದ ಬಿಳಿ ಬಟ್ಟೆ. ಜೀವಕ್ಕೆ ಬಿಸಿಲು ತಾಗದ ಹಾಗೆ ಅದರ ಮೇಲೆ ಕಪ್ಪು ಕೊಡೆ ಹಿಡಿಯಲು ಯಾರು? ಪ್ರಾಣದ ಗೆಳತಿ ಚಿಂಗ್-ರುನೇ.

"ಮಾನ್-ನಿ, ಬಾ ಕಂದ, ಮನೆಗೆ ಹೋಗೋಣ" ಅಂತ ತಾಯಿ ಕರೆದಳು. ಪುರೋಹಿತರು ಅರ್ಧಚಂದ್ರಾಕಾರದ ಎರಡು ಮರದ ತುಂಡು ಎಸೆದರು. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ಬಂದಳು ಅಂತ. ಟಕ್, ಟಕ್. ಎರಡೂ ಮಗುಚಿದವು. ಮತ್ತೆ ಎಸೆದರು. ಟಕ್, ಟಕ್. ತಾಯಿಯ ಗಂಟಲು ಕಟ್ಟುವವರೆಗೂ ಅದೇ ಉತ್ತರ.

ಪುರೋಹಿತರು ತುಂಡುಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡರು. "ಅವಳು ಇಲ್ಲಿಲ್ಲಮ್ಮ. ನಿನಗಿಂತ ಮುಂಚೆ ಯಾರೋ ಕೋಲು ಚಾಚಿ, ಹೆಸರು ಹಿಡಿದು ಕರ್ದಿದಾರೆ. ಆ ಕೋಲಿನ ಜೊತೆ ಹೋಗಿದಾಳೆ."

"ಯಾವ ಕೋಲು?"

"ನಂಗೇನು ಗೊತ್ತು. ಅದನ್ನ ತಂದ್ಕೊಟ್ರೆ ಮನೆ ಸೇರಿಸ್ತೀನಿ. ಊರು ಬಿಟ್ಟು ಹೋಯ್ತೋ, ನನ್ನ ಕೈಲಾಗಲ್ಲ."

ವಾಪಸು ಬರುವಾಗ ಲಾನ್ ಮೆಲ್ಲಗೆ ಕೇಳಿದಳು. "ನಿನ್ನ ಹತ್ರ ಒಂದು ಸೆಲ್ಫಿ ಕೋಲಿತ್ತಲ್ವಾ, ಮಗ?"

"ಅದಾ, ಚಿಕ್ಕಮ್ಮ? ಹೊಸವರ್ಷಕ್ಕೇ ಮುರಿದೋಯ್ತು. ಬಿಸಾಕಿದೆ."

ಕೋಲು ಅವಳ ಬೀರುವಿನಲ್ಲಿತ್ತು. ಕೊಟ್ಟರೆ ತಾನೂ ಹೊಳೆಯಲ್ಲಿದ್ದದ್ದು ಗೊತ್ತಾಗುತ್ತದೆ, ಅದಕ್ಕೇ ಕೊಡಲಿಲ್ಲ. ಅವತ್ತು ಊಟಕ್ಕೆ ಕೂತಿದ್ದಾಗ ಬೀರುವಿನೊಳಗೆ ಸದ್ದಾಯಿತು. ಚಿಟಕ್... ಚಿಟಕ್... ಮಡಿಸಿಟ್ಟ ಕೋಲು ಗಂಟು ಗಂಟಾಗಿ ಉದ್ದವಾಗುವ ಸದ್ದು. ಆರು ಸಲ. ಬಾಗಿಲು ಕಿರ್ರೆಂದು ತೆರೆದುಕೊಂಡು ತುದಿ ಹೊರಗೆ ಬಂತು. ಒದ್ದೆಯಾಗಿತ್ತು. ಆಮೇಲೆ ಪಿಸುಮಾತು.

"ಹಿಡ್ಕೊಂಡಿದೀನಿ... ಎಳ್ಕೋ."

ಮಾರನೆಯ ದಿನ ಮಧ್ಯಾಹ್ನ ಚಿಂಗ್-ರು ಕೋಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರೈಲು ನಿಲ್ದಾಣಕ್ಕೆ ಹೋದಳು. ಸಮುದ್ರದಾಚೆಯ ಪೆನಾಂಗಿನಿಂದ ಊರು ಸುತ್ತಲು ಬಂದ ಹುಡುಗಿಯೊಬ್ಬಳು ಕೈ ಚಾಚಿ ಚಾಚಿ ತನ್ನ ಫೋಟೋ ತೆಗೆಯಲು ಒದ್ದಾಡುತ್ತಿದ್ದಳು.

"ತಗೋ, ಇಟ್ಕೋ. ನನಗೆ ಬೇಡ."

"ಅಯ್ಯೋ, ಸುಮ್ನೇನಾ? ಹಾಗಾದ್ರೆ ನೀನೂ ಬಾ ಅಕ್ಕ, ಒಂದು ತೆಗೆಯೋಣ." ಹುಡುಗಿ ಕೋಲೆತ್ತಿದಳು. ಪರದೆ ನೋಡಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. "ನಿನ್ನ ಗೆಳತೀನೂ ಕರಿ. ಜಾಗ ಇದೆ."

ಕ್ಲಿಕ್.

ನಿಲ್ದಾಣದ ಎದುರಿಗೇ ಲಾನ್‌ಳ ಕೆಸುವಿನ ಗೆಡ್ಡೆಯ ಸಿಹಿ ಉಂಡೆಯ ಅಂಗಡಿ. ಕೋಲು ಕಂಡು ಅವಳು ಸೌಟು ಹಿಡಿದುಕೊಂಡೇ ಓಡಿ ಬಂದಳು. ಅಷ್ಟರಲ್ಲಿ ಹುಡುಗಿ ಹತ್ತಿದ ರೈಲಿನ ಬಾಗಿಲು ಮುಚ್ಚುತ್ತಿತ್ತು. ಹುಡುಗಿ ಒಳಗಿಂದ ಕೋಲಾಡಿಸಿದಳು.

"ಚಿಂಗ್-ರು... ಆ ಕೋಲು ಯಾರ್ದು?"

ಇನ್ನೂ ಹೊತ್ತಿತ್ತು. ಮುಂದಿನ ನಿಲ್ದಾಣಕ್ಕೆ ಒಂದು ಫೋನು ಮಾಡಿದ್ದರೆ ಸಾಕಿತ್ತು.

"ಆ ಹುಡುಗೀದೇ, ಚಿಕ್ಕಮ್ಮ."

"ಹೌದಾ..." ಅಂದಳು ಲಾನ್. ಸೌಟಿನಿಂದ ಪಾಕ ಕಾಲ ಮೇಲೆ ಸುರಿದದ್ದು ಗೊತ್ತೇ ಆಗಲಿಲ್ಲ.

ಅವತ್ತು ಚಿಂಗ್-ರು ಚೆನ್ನಾಗಿ ನಿದ್ದೆ ಮಾಡಿದಳು. ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ, ಆದರೆ ಆದದ್ದು ಹಾಗೇ. ಇದನ್ನೆಲ್ಲ ಅವಳೇ ಒಮ್ಮೆ ಕುಡಿದ ಅಮಲಿನಲ್ಲಿ ಸೋದರತ್ತೆ ಮಗಳ ಕಿವಿಯಲ್ಲಿ ಹೇಳಿದ್ದು. ಸುಳ್ಳು ಅನ್ನುವವರು ಲಾನ್‌ಳ ಅಂಗಡಿಗೆ ಹೋಗಿ ನೋಡಿ.

ತಾಯಿಯ ಫೋನಿನ ನಕ್ಷೆಯಲ್ಲಿ ಮಗಳ ಫೋನು ಎಲ್ಲಿದೆ ಅಂತ ತೋರಿಸುವ ಒಂದು ನೀಲಿ ಚುಕ್ಕೆ ಇದೆ. ಆ ರೈಲು ಹೋದ ದಿನದಿಂದ ಅದು ಚಲಿಸುತ್ತಿದೆ. ಮೊದಲು ತೈನಾನ್ ಪಟ್ಟಣ. ಆಮೇಲೆ ಸಮುದ್ರ ದಾಟಿ ಪೆನಾಂಗ್. ಈಗ ಇನ್ನೂ ದೂರ. ಲಾನ್‌ಗೆ ಅತ್ತೂ ಅತ್ತೂ ಕಣ್ಣು ಮಂಜು. ಅದಕ್ಕೇ ದಿನಾ ಸಂಜೆ ಫೋನನ್ನು ಚಿಂಗ್-ರು ಕೈಗೆ ಕೊಡುತ್ತಾಳೆ. "ಇವತ್ತು ಎಲ್ಲಿದಾಳೆ, ಓದಿ ಹೇಳು ಮಗ."

ಚಿಂಗ್-ರು ಊರಿನ ಹೆಸರು ಓದುತ್ತಾಳೆ. ಲಾನ್ ಆ ದಿಕ್ಕಿಗೆ ತಿರುಗಿ ಮೂರು ಸಲ ಕರೆಯುತ್ತಾಳೆ.

ನಾನೇ ಕಣ್ಣಾರೆ ನೋಡಿದ್ದೇನೆ. ಮಾನ್-ನಿಯ ಫೋನು ಹೆಣದ ಜೇಬಿನಲ್ಲೇ ಸಿಕ್ಕಿತ್ತು. ನೀರು ಹೀರಲಿ ಅಂತ ಅವಳ ತಾಯಿ ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಇವತ್ತಿಗೂ ಅಲ್ಲೇ ಇದೆ.